ಡಾಕಿನ ಬೆಂಕಿ ಮತ್ತು ಒಂದು ಹಾಜರಿ ಪುಸ್ತಕ

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ನಮ್ಮ ದೇಶದಲ್ಲಿ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಕಚೇರಿಗಳಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಅದರ ಗುರುತು ಇಷ್ಟೇ: ಒಂದು ದಿನ ಮಧ್ಯಾಹ್ನ ಗಂಟೆ ಬಾರಿಸಿ ಎಲ್ಲರನ್ನೂ ಮೆಟ್ಟಲಿಳಿಸಿ ಅಂಗಳದಲ್ಲಿ ನಿಲ್ಲಿಸುತ್ತಾರೆ, ಕೆಂಪು ಸಿಲಿಂಡರಿನಿಂದ ಬಿಳಿಯ ಪುಡಿ ಹಾರಿಸಿ ತೋರಿಸುತ್ತಾರೆ, ಅಂಗಿಗೆ ಚುಚ್ಚಿಕೊಳ್ಳಲು ಒಂದು ಕಾಗದದ ಬಾವುಟ ಕೊಡುತ್ತಾರೆ. ಅಂದು ಚಹಾ ಸ್ವಲ್ಪ ತಡವಾಗುತ್ತದೆ. ಈ ಸಪ್ತಾಹ ಏಪ್ರಿಲ್ 14ಕ್ಕೇ ಏಕೆ ಆರಂಭವಾಗಬೇಕು ಎಂದು ಒಮ್ಮೆ ನಮ್ಮ ವಿಭಾಗದಲ್ಲಿ ವಿಚಾರಿಸಿದೆ. ಹೆಚ್ಚಿನವರು ಅಂಬೇಡ್ಕರ್ ಜಯಂತಿಯ ಹೆಸರು ಹೇಳಿದರು. ಅದೂ ಅದೇ ದಿನವೇ, ನಿಜ. ಆದರೆ ಈ ಬಾವುಟದ ಕಥೆ ಬೇರೆ. ಅದು ನಾವು ದಿನವೂ ಹಾದುಹೋಗುವ ಹಾದಿಯ ಪಕ್ಕದಲ್ಲೇ ನಡೆದ ಕಥೆ.

ಕಲ್ಯಾಣ, ಡೊಂಬಿವಲಿ, ಠಾಣೆಗಳಿಂದ ಬೆಳಗಿನ ಗಾಡಿ ಹಿಡಿಯುವ ನಮ್ಮ ಬಾಂಧವರು ಬೈಖಲಾ ದಾಟಿದ ಮೇಲೆ ಸ್ಯಾಂಡ್‌ಹರ್ಸ್ಟ್ ರೋಡ್, ಮಸೀದಿ ಬಂದರ್ ನಿಲ್ದಾಣಗಳನ್ನು ಕಾಣುತ್ತಾರೆ. ನವಿ ಮುಂಬಯಿಯವರು ಬರುವ ಹಾರ್ಬರ್ ಮಾರ್ಗದಲ್ಲಿ ಕಾಟನ್ ಗ್ರೀನ್, ರೇ ರೋಡ್, ಡಾಕ್‌ಯಾರ್ಡ್ ರೋಡ್ ಬರುತ್ತವೆ. ಆ ನಿಲ್ದಾಣಗಳ ಪೂರ್ವಕ್ಕೆ, ಗೋದಾಮುಗಳ ಸಾಲಿನಾಚೆ, ವಿಕ್ಟೋರಿಯಾ ಡಾಕ್ ಇತ್ತು. 1944ನೆಯ ಇಸವಿ ಏಪ್ರಿಲ್ 14, ಶುಕ್ರವಾರ, ಸಂಜೆ ನಾಲ್ಕು ಗಂಟೆ ಆರು ನಿಮಿಷಕ್ಕೆ ಅಲ್ಲಿ ಒಂದು ಹಡಗು ಸ್ಫೋಟಗೊಂಡಿತು. ದೂರದ ಸಿಮ್ಲಾದಲ್ಲಿದ್ದ ಭೂಕಂಪಮಾಪಕವೂ ಆ ನಡುಕವನ್ನು ಬರೆದುಕೊಂಡಿತು.

ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. ಕೆನಡಾದಲ್ಲಿ 1942ರಲ್ಲಿ ಕಟ್ಟಿದ್ದು, 7,142 ಟನ್ನಿನದು. ಎರಡನೆಯ ಮಹಾಯುದ್ಧದ ಕಾಲ. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್ ಬಂದರಿನಿಂದ ಹೊರಟು, ಜಿಬ್ರಾಲ್ಟರ್, ಪೋರ್ಟ್ ಸೈದ್, ಕರಾಚಿಗಳ ಮೂಲಕ ಏಪ್ರಿಲ್ 12ರಂದು ಮುಂಬಯಿ ಸೇರಿತು. ಅದರ ಹೊಟ್ಟೆಯಲ್ಲಿ ಸುಮಾರು 1,400 ಟನ್ನು ಸಿಡಿಮದ್ದು, ಗುಂಡು, ಟಾರ್ಪಿಡೊಗಳಿದ್ದವು. ಇವುಗಳಲ್ಲಿ 238 ಟನ್ನು ಅತಿ ಬೇಗ ಸಿಡಿಯುವ ಜಾತಿಯದು. ಇಷ್ಟು ಸಾಲದೆಂಬಂತೆ ಕರಾಚಿಯಲ್ಲಿ 8,700 ಹತ್ತಿಯ ಅಂಡಿಗೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ಮರಮುಟ್ಟನ್ನೂ ತುಂಬಿದರು. ಎರಡನೆಯ ಉಗ್ರಾಣದಲ್ಲಿ ಕೆಳಗೆ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಸಿಡಿಮದ್ದು. ಶಾಂತಿಯ ಕಾಲದಲ್ಲಾದರೆ ಹೀಗೆ ತುಂಬಲು ಯಾರೂ ಒಪ್ಪುತ್ತಿರಲಿಲ್ಲ. ಯುದ್ಧವಿದೆ, ಹಡಗುಗಳ ಅಭಾವವಿದೆ ಎಂಬ ಒಂದೇ ಕಾರಣ ಎಲ್ಲಕ್ಕೂ ಉತ್ತರವಾಗುತ್ತಿದ್ದ ಕಾಲ ಅದು. ಸಿಡಿಮದ್ದಿನ ಹಡಗು ಎಂದು ತಿಳಿಸುವ ಕೆಂಪು ಬಾವುಟವನ್ನು ಕೂಡ ಏರಿಸಿರಲಿಲ್ಲ. ಪಕ್ಕದಲ್ಲಿ ನಿಂತ ಹಡಗುಗಳವರಿಗೆ ತಮ್ಮ ನೆರೆಯಲ್ಲಿ ಏನಿದೆಯೆಂಬುದು ಗೊತ್ತಾಗುವ ಬಗೆ ಹೇಗೆ?

ಏಪ್ರಿಲ್ 14ರ ಮಧ್ಯಾಹ್ನ ಊಟದ ಹೊತ್ತಿಗೇ ಪಕ್ಕದ ಹಡಗುಗಳಿಂದ ಕೆಲವರು ಫೋರ್ಟ್ ಸ್ಟಿಕೀನಿನಿಂದ ತೆಳ್ಳಗೆ ಹೊಗೆ ಏಳುವುದನ್ನು ನೋಡಿದ್ದರು. ಆ ಹಡಗಿನವರೇ ನೋಡಿಕೊಳ್ಳುತ್ತಾರೆಂದು ಸುಮ್ಮನಾದರು. ಎರಡು ಗಂಟೆಯ ಸುಮಾರಿಗೆ ಹಡಗಿನವರಿಗೂ ತಿಳಿಯಿತು. ಮೊದಲು ಎರಡು ಬಂಬುಗಳು ಬಂದವು. ಸಿಡಿಮದ್ದಿನ ವಿಷಯ ತಿಳಿದ ಮೇಲೆ ಇನ್ನಷ್ಟು ಬಂದವು.

ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿಯ ಒಂದು ಸಂಗತಿ ಬಹಳ ಕಾಡಿದೆ. ಯಂತ್ರದಿಂದ ಒತ್ತಿ ಕಟ್ಟಿದ ಹತ್ತಿಯ ಅಂಡಿಗೆ ಸೌದೆಯಂತೆ ಧಗಧಗಿಸಿ ಉರಿಯುವುದಿಲ್ಲ. ನಮ್ಮ ಊರಿನಲ್ಲಿ ಉಮಿಯ ರಾಶಿಗೆ ಬೆಂಕಿ ಬಿದ್ದರೆ ಹೇಗೋ ಹಾಗೆ ಒಳಗೊಳಗೇ ಕೆಂಡವಾಗುತ್ತ ಹೋಗುತ್ತದೆ. ಹೊರಗಿನಿಂದ ಸುರಿದ ನೀರು ಒಳಗಿನ ಕೆಂಡವನ್ನು ಬೇಗ ಮುಟ್ಟುವುದಿಲ್ಲ. ಅಂದು 900 ಟನ್ನಿಗೂ ಹೆಚ್ಚು ನೀರನ್ನು ಆ ಉಗ್ರಾಣಕ್ಕೆ ಸುರಿದರು. ನೀರು ಏರಿದಂತೆ ಉರಿಯುವ ಅಂಡಿಗೆಗಳು ತೇಲುತ್ತ ಮೇಲಕ್ಕೆ, ಸಿಡಿಮದ್ದಿದ್ದ ಕಡೆಗೇ ಸರಿದವು. ಬೆಂಕಿ ಆರಿಸಲೆಂದು ಹೋದವರು ತಮಗರಿವಿಲ್ಲದೆ ಬೆಂಕಿಯನ್ನು ಮದ್ದಿನ ಹತ್ತಿರಕ್ಕೆ ಎತ್ತಿಕೊಟ್ಟಂತಾಯಿತು. ಅವರ ಕೈಯಲ್ಲಿದ್ದ ಉಪಾಯ ಅದೊಂದೇ ಆಗಿತ್ತು. ಹಡಗಿನ ಬದಿಯ ಕಬ್ಬಿಣ ಕಾದು ಬಣ್ಣ ಗುಳ್ಳೆಯೇಳುತ್ತಿದ್ದ ಜಾಗವನ್ನು ಗ್ಯಾಸಿನಿಂದ ಕೊರೆಯಲು ನೋಡಿದರು. ಉಪಕರಣ ಕೈಕೊಟ್ಟಿತು.

ಈ ಎರಡು ಗಂಟೆಗಳಲ್ಲಿ ದಡದ ಮೇಲೆ ಏನು ನಡೆಯಿತೆಂಬುದನ್ನು ಓದುವಾಗ ಗುಮಾಸ್ತನಾದ ನನಗೆ ಮೈ ಜುಮ್ಮೆನ್ನುತ್ತದೆ. ಸೇನೆಯ ಮದ್ದುಗುಂಡು ವಿಭಾಗದ ಕ್ಯಾಪ್ಟನ್ ಓಬರ್ಸ್ಟ್ ಬಂದು ಸಾಮಾನಿನ ನಕ್ಷೆ ನೋಡಿ, ಇದು ಸಿಡಿದರೆ ಇಡೀ ಡಾಕ್ ಹೋಗುತ್ತದೆ, ಹಡಗನ್ನು ಮುಳುಗಿಸಿಬಿಡಿ ಎಂದರು. ಅಲ್ಲಿ ನೀರಿನ ಆಳ ಸಾಲದು, ಮುಳುಗಿಸಿದರೂ ಮುಳುಗದು ಎಂಬ ಮಾತು ಬಂತು. ಡಾಕುಗಳ ವ್ಯವಸ್ಥಾಪಕ ಕರ್ನಲ್ ಸ್ಯಾಡ್ಲರ್ ಹಡಗನ್ನು ಹೊರಗೆ ಸಮುದ್ರಕ್ಕೆ ಎಳೆದೊಯ್ಯಬೇಕೆಂದರು. ಎಂಜಿನು ದುರಸ್ತಿಯಲ್ಲಿತ್ತು, ಬೇರೆ ದೋಣಿಗಳಿಂದ ಎಳೆಸಬೇಕು, ಎಳೆಯುವಾಗ ನೀರು ಹಾಯಿಸುವುದು ನಿಲ್ಲುತ್ತದೆ. ಅಗ್ನಿಶಾಮಕ ದಳದ ಮುಖ್ಯಸ್ಥ ನಾರ್ಮನ್ ಕೂಂಬ್ಸ್ ನೀರು ಹಾಯಿಸುವುದನ್ನು ಮುಂದುವರಿಸುವ ಪಕ್ಷದವರು. ಕಪ್ತಾನ ನೈಸ್ಮಿತ್ ಎಲ್ಲರ ಮಾತನ್ನೂ ಕೇಳಿದರು. ಹೀಗೆ ಮಾಡಿರಿ ಎಂದು ಒಬ್ಬರೂ ಆಜ್ಞೆ ಮಾಡಲಿಲ್ಲ, ಏಕೆಂದರೆ ಉಳಿದವರೆಲ್ಲರ ಮೇಲೆ ಆಜ್ಞೆ ಮಾಡುವ ಅಧಿಕಾರ ಒಬ್ಬರಿಗೂ ಇರಲಿಲ್ಲ. ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶ ಸರ್ ಲಿಯೊನಾರ್ಡ್ ಸ್ಟೋನ್ ಅವರ ಅಧ್ಯಕ್ಷತೆಯ ವಿಚಾರಣಾ ಆಯೋಗ ಎತ್ತಿ ತೋರಿಸಿದ ಮುಖ್ಯ ಕೊರತೆಗಳಲ್ಲಿ ಇದೂ ಒಂದು. ಕಡತವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ “ಯೋಗ್ಯ ಕ್ರಮಕ್ಕಾಗಿ” ದಾಟಿಸುವ ವಿದ್ಯೆ ನಮಗೆ ಹೊಸದಲ್ಲ. ಅದು ಸಾಮಾನ್ಯವಾಗಿ ಯಾರ ಪ್ರಾಣವನ್ನೂ ತೆಗೆಯುವುದಿಲ್ಲ. ಅಂದು ತೆಗೆಯಿತು.

ಆದರೆ ಅದೇ ಹಡಗಿನ ಮೇಲೆ ಕೊಳವೆ ಹಿಡಿದು ನಿಂತವರಿಗೆ ಇಂಥ ಗೊಂದಲವಿರಲಿಲ್ಲ. ಕಾದ ಕಬ್ಬಿಣದ ಮೇಲೆ, ಕುದಿಯುವ ನೀರಿನ ಆವಿಯ ನಡುವೆ ಅವರು ನಿಂತೇ ಇದ್ದರು. ನಾಲ್ಕು ಗಂಟೆಗೆ ಸ್ವಲ್ಪ ಮುಂಚೆ ಜ್ವಾಲೆ ಮೇಲೆದ್ದಾಗ ಹಡಗು ಬಿಡಬೇಕೆಂಬ ಆಜ್ಞೆಯಾಯಿತು. ಹಡಗಿನಿಂದ ಇಳಿದರೂ ಬಹುಮಂದಿ ದಡದಿಂದ ನೀರು ಹಾಯಿಸುತ್ತಲೇ ಇದ್ದರು. ಆಗಲೇ ಮೊದಲ ಸ್ಫೋಟ. ಅರ್ಧ ಗಂಟೆಯ ನಂತರ ಎರಡನೆಯದು, ಮೊದಲನೆಯದಕ್ಕಿಂತ ದೊಡ್ಡದು. ಅಗ್ನಿಶಾಮಕ ದಳದ 66 ಮಂದಿ ಸತ್ತರು, 83 ಮಂದಿ ಗಾಯಗೊಂಡರು. ಕಪ್ತಾನ ನೈಸ್ಮಿತ್ ಕೂಡ ಉಳಿಯಲಿಲ್ಲ. ಸಿಂದಿಯಾ ಕಂಪನಿಯ ಜಲಪದ್ಮ ಎಂಬ ಸುಮಾರು ನಾಲ್ಕು ಸಾವಿರ ಟನ್ನಿನ ಹಡಗು ನೀರಿನಿಂದೆದ್ದು ದಡದ ಶೆಡ್ಡಿನ ಮೇಲೆ ಕೂತಿತು. ಅದರ ಚಿತ್ರ ಇಂದೂ ನೋಡಸಿಗುತ್ತದೆ. ಹತ್ತು ಹನ್ನೆರಡು ಹಡಗುಗಳು ನಾಶವಾದವು. ಉರಿಯುವ ಹತ್ತಿಯೂ ಕಾದ ಕಬ್ಬಿಣವೂ ಮಾಂಡವಿ, ಮಸೀದಿ ಬಂದರಿನ ಕಿರಿದಾದ ಗಲ್ಲಿಗಳ ಮೇಲೆ ಮಳೆಯಂತೆ ಸುರಿದವು. ಸುಮಾರು 80,000 ಜನ ಮನೆ ಕಳೆದುಕೊಂಡರು. ಬಂಗಾಳದ ಕ್ಷಾಮದ ಮರುವರ್ಷ, ಮುಂಬಯಿಯಲ್ಲಿ ಪಡಿತರ ಆರಂಭವಾದ ಮರುವರ್ಷ, ಐವತ್ತು ಸಾವಿರ ಟನ್ನಿಗೂ ಹೆಚ್ಚು ಧಾನ್ಯ ಗೋದಾಮುಗಳಲ್ಲಿ ಬೂದಿಯಾಯಿತು.

ಜಪಾನಿನವರು ಬಾಂಬು ಹಾಕಿದರೆಂದೇ ಜನ ನಂಬಿದರು. ಸರಕಾರ ಸುದ್ದಿಯನ್ನು ತಡೆಹಿಡಿಯಿತು. ಮರುದಿನವೇ ಜಪಾನೀಯರ ವಶದಲ್ಲಿದ್ದ ಸೈಗಾನ್ ರೇಡಿಯೊ ಎಲ್ಲವನ್ನೂ ಬಿತ್ತರಿಸಿಬಿಟ್ಟಿತು. ನಮ್ಮ ಪತ್ರಿಕೆಗಳು ವಿವರವಾಗಿ ಬರೆಯಲು ಅನುಮತಿ ಸಿಕ್ಕಿದ್ದು ಮೇ ತಿಂಗಳ ಎರಡನೆಯ ವಾರದಲ್ಲಿ. ಆಗ ಕೊಂಕಣ ರೈಲ್ವೆ ಎಲ್ಲಿಯದು? ದಕ್ಷಿಣ ಕನ್ನಡದ ಹಳ್ಳಿಗಳಲ್ಲಿ ಬಿಸು ಹಬ್ಬದ ದಿನಗಳು. ಮುಂಬಯಿಯಲ್ಲಿ ಹೋಟೆಲು ಕೆಲಸಕ್ಕೋ ಡಾಕಿನ ಕೆಲಸಕ್ಕೋ ಮಗನನ್ನು ಕಳಿಸಿದ್ದ ಮನೆಗಳಲ್ಲಿ, ಬಾಯಿಂದ ಬಾಯಿಗೆ ಬಂದ ಗಾಳಿಮಾತನ್ನು ಹಿಡಿದುಕೊಂಡು ಜನ ಅಂಚೆಯವನ ದಾರಿ ಕಾಯುತ್ತಿದ್ದರು.

ಹಡಗಿನಲ್ಲಿ ಚಿನ್ನವೂ ಇತ್ತು. 31 ಪೆಟ್ಟಿಗೆಗಳಲ್ಲಿ 124 ಗಟ್ಟಿಗಳು. ಒಂದೊಂದೂ ಹನ್ನೆರಡೂವರೆ ಕಿಲೋಗ್ರಾಮಿಗಿಂತ ಸ್ವಲ್ಪ ಹೆಚ್ಚು. ಅದರಲ್ಲೊಂದು ಗಟ್ಟಿ ಒಂದು ಮೈಲಿಯಷ್ಟು ದೂರದಲ್ಲಿ ಬುರ್ಜೋರ್ಜಿ ಮೋತಿವಾಲಾ ಎಂಬ ಪಾರಸಿ ಗೃಹಸ್ಥರ ಮನೆಯ ಮಾಡು ಮುರಿದು ಒಳಗೆ ಬಿತ್ತು. ಅವರು ಅದನ್ನು ಸರಕಾರಕ್ಕೆ ಒಪ್ಪಿಸಿದರು; ತಮಗೆ ಸಿಕ್ಕ ಬಹುಮಾನದ ಹಣವನ್ನು ಸಂತ್ರಸ್ತರ ನಿಧಿಗೆ ಕೊಟ್ಟರು. ಮುಂಬಯಿಯಲ್ಲಿ ಈ ಸ್ಫೋಟದ ಮಾತು ಬಂದರೆ ಎಲ್ಲರೂ ಈ ಚಿನ್ನದ ಕಥೆಯನ್ನೇ ಹೇಳುತ್ತಾರೆ. ಹೇಳಬೇಕಾದ ಕಥೆಯೇ. ಹೂಳೆತ್ತುವಾಗ 1970ರ ದಶಕದವರೆಗೂ ಚಿನ್ನದ ಗಟ್ಟಿಗಳು ಸಿಗುತ್ತಿದ್ದವು. 2011ರಲ್ಲಿ ಸಿಡಿಯದ ಒಂದು ಗುಂಡೂ ಸಿಕ್ಕಿತು. ಚಿನ್ನದ ಪ್ರತಿ ಗಟ್ಟಿಗೂ ಲೆಕ್ಕವಿತ್ತು, ಅದಕ್ಕೇ ಹುಡುಕಿದರು. ಸತ್ತ ಮನುಷ್ಯರ ಲೆಕ್ಕ ಮಾತ್ರ ಹೀಗಿಲ್ಲ. ಡಾಕಿಗೆ ಸಂಬಂಧಪಟ್ಟ ಬೇರೆಬೇರೆ ಸೇವೆಗಳಲ್ಲಿದ್ದ 231 ಮಂದಿ, ಹೊರಗಿನವರು 500ಕ್ಕೂ ಹೆಚ್ಚು ಎಂದು ಸರಕಾರ ಹೇಳಿತು, 1,300ರವರೆಗೂ ಹೇಳುವವರಿದ್ದಾರೆ. ಎಂಟುನೂರಕ್ಕೂ ಸಾವಿರದ ಮುನ್ನೂರಕ್ಕೂ ನಡುವೆ ಐನೂರು ಮನುಷ್ಯರ ಅಂತರ ಏಕೆ ಬಂತು?

ಅದನ್ನು ತಿಳಿಯಬೇಕಾದರೆ ಆಗಿನ ಡಾಕಿನ ಕೂಲಿಯ ಪದ್ಧತಿಯನ್ನು ತಿಳಿಯಬೇಕು. ಹಡಗಿನ ಸಾಮಾನು ಇಳಿಸುವ ಗುತ್ತಿಗೆದಾರರಿಗೆ ಸ್ಟೀವಿಡೋರರೆಂದು ಹೆಸರು. ಅವರು ನೇರವಾಗಿ ಕೂಲಿಗಳನ್ನು ನೇಮಿಸುತ್ತಿರಲಿಲ್ಲ. ಟೋಲಿವಾಲಾ ಎಂಬ ಮುಕ್ಕಾದಮನು ಬೆಳಿಗ್ಗೆ ಗೇಟಿನ ಹೊರಗೆ ನೆರೆದವರಲ್ಲಿ ತನಗೆ ಬೇಕಾದವರನ್ನು ಆರಿಸಿ ಒಂದು ಟೋಳಿ ಕಟ್ಟುತ್ತಿದ್ದ. ಪುಸ್ತಕದಲ್ಲಿ ಏರುತ್ತಿದ್ದುದು ಟೋಲಿವಾಲನ ಹೆಸರು ಮತ್ತು ಎಷ್ಟು ತಲೆ ಎಂಬ ಅಂಕಿ, ಅಷ್ಟೇ. ಹಣ ಅವನ ಕೈಗೆ. ಇಂದು ಬಂದವನು ನಾಳೆ ಇಲ್ಲ. ಯಾವನಾದರೂ ಸತ್ತರೆ ಅವನು ಅಲ್ಲಿದ್ದನೆಂದು ಹೇಳಲು ಟೋಲಿವಾಲನೇ ಸಾಕ್ಷಿ, ಅವನೂ ಸತ್ತರೆ ಅದೂ ಇಲ್ಲ.

ನಮ್ಮ ತಂದೆಯ ತಂದೆ ಇಂಥ ಒಬ್ಬ ಗುತ್ತಿಗೆದಾರನಲ್ಲಿ ಟ್ಯಾಲಿ ಗುಮಾಸ್ತರಾಗಿದ್ದರು. ಉಡುಪಿಯ ಕಡೆಯವರು, ಹಗಲು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಕೋಟೆಯ ಕನ್ನಡ ರಾತ್ರಿಶಾಲೆಯಲ್ಲಿ ಓದಿ ಈ ಕೆಲಸ ಹಿಡಿದವರು. ಹಡಗಿನಿಂದ ಎಷ್ಟು ಅಂಡಿಗೆ ಇಳಿಯಿತು, ಎಷ್ಟು ತಲೆ ಕೆಲಸ ಮಾಡಿತು ಎಂದು ಬರೆಯುವುದು ಅವರ ಉದ್ಯೋಗ. ಅವರಿಗೆ ಯಾರೂ ಹೇಳದೆಯೇ ಹತ್ತಿದ್ದ ಒಂದು ಅಭ್ಯಾಸವಿತ್ತು. ಮಾಲಿಕನ ಪುಸ್ತಕದಲ್ಲಿ ತಲೆಗಳ ಅಂಕಿ ಬರೆದ ಮೇಲೆ, ತಮ್ಮದೇ ಒಂದು ಕೈಪುಸ್ತಕದಲ್ಲಿ ಪ್ರತಿಯೊಬ್ಬನ ಹೆಸರು, ತಂದೆಯ ಹೆಸರು, ಊರು ಬರೆದುಕೊಳ್ಳುತ್ತಿದ್ದರು. ಟೋಲಿವಾಲನು ತಲೆಗಳನ್ನು ಹೆಚ್ಚಿಸಿ ಹೇಳಿದರೆ ಹಿಡಿಯಲಿಕ್ಕೆ ಇದು ಅನುಕೂಲ ಎಂದು ಅವರ ಲೆಕ್ಕ. ದೊಡ್ಡ ಧ್ಯೇಯವೇನೂ ಇರಲಿಲ್ಲ.

ಏಪ್ರಿಲ್ 14ರಂದು ಅಜ್ಜ ದಕ್ಷಿಣಕ್ಕಿರುವ ಅಲೆಕ್ಸಾಂಡ್ರಾ ಡಾಕಿನಲ್ಲಿದ್ದರು. ಈಗ ಅದನ್ನು ಇಂದಿರಾ ಡಾಕ್ ಎನ್ನುತ್ತಾರೆ. ಅದರಿಂದಲೇ ಉಳಿದರು, ಎಡಗಿವಿ ಮಾತ್ರ ಕೊನೆಯತನಕ ಕೇಳಿಸಲಿಲ್ಲ. ಅವರ ಗುತ್ತಿಗೆದಾರನ ಎರಡು ಟೋಳಿಗಳು ವಿಕ್ಟೋರಿಯಾ ಡಾಕಿನ ಶೆಡ್ಡಿನಲ್ಲಿದ್ದವು. ಬೆಳಿಗ್ಗೆ ಅವರ ಹೆಸರು ಬರೆದುಕೊಂಡ ಕೈಪುಸ್ತಕ ಅಜ್ಜನ ಜೇಬಿನಲ್ಲಿತ್ತು. 41 ಹೆಸರುಗಳು. ರತ್ನಾಗಿರಿಯವರು, ಸಾತಾರೆಯವರು, ಉತ್ತರದ ಭಯ್ಯಾಗಳು, ವಿಜಾಪುರ ಕಡೆಯ ನಾಲ್ವರು.

ಮರುದಿನದಿಂದ ಮೂರು ವಾರ ಅಜ್ಜ ಆ ಪುಸ್ತಕ ಹಿಡಿದು ಸೇಂಟ್ ಜಾರ್ಜ್ ಆಸ್ಪತ್ರೆ, ಜೆ.ಜೆ. ಆಸ್ಪತ್ರೆ, ನಿರಾಶ್ರಿತರ ತಂಗುದಾಣಗಳೆಂದು ತಿರುಗಿದರು. ಬದುಕಿ ಸಿಕ್ಕವನ ಹೆಸರಿನ ಮುಂದೆ ಒಂದು ಗೀಟು. ಹೆಣ ಗುರುತಿಸಿದರೆ ಆಸ್ಪತ್ರೆಯ ಹೆಸರು, ತಾರೀಕು. ಗುತ್ತಿಗೆದಾರನು ತನ್ನ ಕಚೇರಿಯೇ ಸುಟ್ಟುಹೋಯಿತು, ಕೂಲಿಗಳ ಲೆಕ್ಕ ತನ್ನಲ್ಲಿಲ್ಲ ಎಂದು ಕೈತೊಳೆದುಕೊಂಡಿದ್ದ. ಆ ದಿನಗಳ ಸಂಬಳವನ್ನೂ ಅಜ್ಜನಿಗೆ ಕೊಡಲಿಲ್ಲ. ಸರಕಾರವು ಸ್ಫೋಟದ ನಷ್ಟಕ್ಕೆ ಪರಿಹಾರ ಕೊಡಲು 1944ರಲ್ಲೇ ಸುಗ್ರೀವಾಜ್ಞೆ ಹೊರಡಿಸಿತು. ಆದರೆ ಯಾರಿಗೇ ಆಗಲಿ ಏನನ್ನಾದರೂ ಕೇಳಬೇಕಾದರೆ ಸತ್ತವನು ಅಂದು ಅಲ್ಲಿದ್ದನೆಂದು ಮೊದಲು ತೋರಿಸಬೇಕು. ಅಜ್ಜ ಪ್ರತಿ ಹೆಸರಿನ ಊರಿಗೂ ಒಂದೊಂದು ಕಾರ್ಡು ಬರೆದರು. ಬಂದವರ ಜೊತೆ ಕಚೇರಿಗೆ ಹೋಗಿ ಪುಸ್ತಕ ತೋರಿಸಿದರು. ಪೆನ್ಸಿಲಿನ ಬರಹ, ಮೊಹರಿಲ್ಲ ಎಂದು ಕೆಲವು ಕಡೆ ಹಿಂದಕ್ಕೆ ಕಳಿಸಿದರು. ಕೆಲವು ಕಡೆ ನಡೆಯಿತು.

ಈಗ ಮನೆಯ ಮಾತು. ಅಜ್ಜನ ತಮ್ಮ, ಹತ್ತೊಂಬತ್ತು ವರ್ಷದವರು, ಮಸೀದಿ ಬಂದರಿನ ಒಂದು ಹೋಟೆಲಿನಲ್ಲಿ ಮಾಣಿಯಾಗಿದ್ದರು. ಮಧ್ಯಾಹ್ನ ಕೆಟಲು, ಗ್ಲಾಸುಗಳನ್ನು ಹಿಡಿದು ಡಾಕಿನ ಶೆಡ್ಡುಗಳಿಗೆ ಚಹಾ ಕೊಟ್ಟುಬರುವುದು ಅವರ ಪಾಲಿನ ಕೆಲಸ. ಅಂದು ಮೂರೂವರೆಗೆ ಹೋದವರು ಮರಳಲಿಲ್ಲ. ದೇಹ ಸಿಗಲಿಲ್ಲ. ಅವರು ಡಾಕಿನ ನೌಕರರಲ್ಲ. ಯಾವ ಟೋಳಿಯವರೂ ಅಲ್ಲ. ಹೋಟೆಲಿನಲ್ಲಿ ಹುಡುಗರ ಹೆಸರು ಬರೆದಿಡುವ ಪದ್ಧತಿಯೇ ಇರಲಿಲ್ಲ, ಆ ಹೋಟೆಲೂ ಉಳಿದಿರಲಿಲ್ಲ. ಆಸ್ಪತ್ರೆಗಳಲ್ಲಿ ಬೇರೆಯವರ ಮಕ್ಕಳನ್ನು ಹುಡುಕುವಾಗ ಅಜ್ಜ ಪ್ರತಿ ಹಾಸಿಗೆಯ ಹತ್ತಿರವೂ ತಮ್ಮನನ್ನೂ ನೋಡುತ್ತಿದ್ದರಂತೆ. ಒಂದು ವಾರದಲ್ಲಿ ಆ ಆಸೆ ಹೋಯಿತು. ಇನ್ನು ಊರಿಗೆ ಹೊರಡು, ತಾಯಿಗೆ ಹೇಳುವವರು ಯಾರು ಎಂದು ಜೊತೆಯವರು ಒತ್ತಾಯಿಸಿದರು. ಪುಸ್ತಕದಲ್ಲಿ ಇನ್ನೂ ಹದಿನಾರು ಹೆಸರುಗಳ ಮುಂದೆ ಜಾಗ ಖಾಲಿಯಿತ್ತು. ಅಜ್ಜ ಹೊರಟದ್ದು ಮೇ ತಿಂಗಳಲ್ಲಿ. ಮುತ್ತಜ್ಜಿ ಈ ತಡವನ್ನು ಬಹುಕಾಲ ಕ್ಷಮಿಸಲಿಲ್ಲವೆಂದು ನಮ್ಮ ತಂದೆ ಹೇಳುತ್ತಿದ್ದರು. ಆಕೆಯ ಕೋಪ ನನಗೆ ಅರ್ಥವಾಗುತ್ತದೆ. ಹಾಗೆಂದು ಅಜ್ಜನನ್ನು ತಪ್ಪೆನ್ನಲೂ ನನಗೆ ಬಾಯಿ ಬರುವುದಿಲ್ಲ. ಆ ಹದಿನಾರು ಮಂದಿಗೂ ತಾಯಂದಿರಿದ್ದರು, ಅವರಿಗೆ ಕಾರ್ಡು ಬರೆಯಬಲ್ಲವನು ಆ ಊರಿನಲ್ಲಿ ಅವರೊಬ್ಬರೇ ಆಗಿದ್ದರು.

41 ಹೆಸರುಗಳ ಕೆಳಗೆ, ಸ್ವಲ್ಪ ಜಾಗ ಬಿಟ್ಟು, ಅದೇ ಪೆನ್ಸಿಲಿನಲ್ಲಿ 42ನೆಯ ಹೆಸರಿದೆ: ತಮ್ಮನ ಹೆಸರು, ತಂದೆಯ ಹೆಸರು, ಊರು. ಕೂಲಿಯ ಕಲಮಿನಲ್ಲಿ ಒಂದು ಅಡ್ಡಗೆರೆ.

ಸುಮಾರು ಎಂಟು ಸಾವಿರ ಜನ ಏಳು ತಿಂಗಳು ದುಡಿದು ಐದು ಲಕ್ಷ ಟನ್ನು ಅವಶೇಷ ತೆಗೆದು ಡಾಕುಗಳನ್ನು ಮತ್ತೆ ನಡೆಯುವಂತೆ ಮಾಡಿದರು. ಕೂಲಿಯ ಪದ್ಧತಿ ಸುಧಾರಿಸಲು ಇನ್ನೂ ಕೆಲವು ವರ್ಷ ಬೇಕಾಯಿತು. 1948ರಲ್ಲಿ ಡಾಕ್ ಕಾರ್ಮಿಕರ ಉದ್ಯೋಗವನ್ನು ಕ್ರಮಪಡಿಸುವ ಕಾನೂನು ಬಂತು. 1951ರಲ್ಲಿ ಮುಂಬಯಿಯಲ್ಲಿ ಡಾಕ್ ಲೇಬರ್ ಬೋರ್ಡು ಸ್ಥಾಪನೆಯಾಗಿ, ಪ್ರತಿ ಕಾರ್ಮಿಕನಿಗೂ ಒಂದು ನಂಬರು, ಒಂದು ಚೀಟಿ, ರಿಜಿಸ್ಟರಿನಲ್ಲಿ ಒಂದು ಸಾಲು ದೊರೆಯಿತು. ಕಾನೂನು ಬಂದೊಡನೆ ಎಲ್ಲವೂ ಸರಿಹೋಗಲಿಲ್ಲ. ಅದನ್ನು ಡಾಕಿನ ಗೇಟಿನವರೆಗೆ ತರಲು ಕಾರ್ಮಿಕ ಸಂಘಗಳು ಹೋರಾಡಬೇಕಾಯಿತು. ಆ ಹೋರಾಟದ ಮುಂದಾಳು ಪ್ಲಾಸಿಡ್ ಡಿ'ಮೆಲ್ಲೊ ನಮ್ಮ ದಕ್ಷಿಣ ಕನ್ನಡದವರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ನೆನಪಿದೆ? 1958ರಲ್ಲಿ ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಮಂಗಳೂರಿನಿಂದ ಬರಿಗೈಯಲ್ಲಿ ಬಂದ ಜಾರ್ಜ್ ಫರ್ನಾಂಡಿಸರು ಮುಂಬಯಿಯಲ್ಲಿ ಕಾರ್ಮಿಕ ಚಳವಳಿಯ ಪಾಠ ಕಲಿತದ್ದು ಇವರ ಕೈಕೆಳಗೆ. ಮುಂದೆ ಅದೇ ಜಾರ್ಜರು ರೈಲ್ವೆ ಮಂತ್ರಿಗಳಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆಯ ಕೆಲಸಕ್ಕೆ ಚಾಲನೆ ಸಿಕ್ಕಿತು. ಡಾಕುಗಳ ಬದಿಯಲ್ಲಿ ಸಾಗುವ ಹಳೆಯ ಫ್ರಿಯರ್ ರೋಡಿಗೆ ಈಗ ಪಿ. ಡಿ'ಮೆಲ್ಲೊ ರಸ್ತೆಯೆಂದು ಹೆಸರು. ಬಸ್ಸಿನ ಹಲಗೆಯ ಮೇಲೆ ಆ ಹೆಸರನ್ನು ನಾವೆಲ್ಲ ಓದಿರುತ್ತೇವೆ.

ಅಜ್ಜ ಬೇರೆ ಬೇರೆ ಕಡೆ ಗುಮಾಸ್ತಿಕೆ ಮಾಡಿ, ಕೊನೆಗೆ ಡೊಂಬಿವಲಿಯ ಒಂದು ಚಾಳಿನಲ್ಲಿ ನೆಲೆಸಿ, ನಾನು ಶಾಲೆಯಲ್ಲಿದ್ದಾಗ ತೀರಿಕೊಂಡರು. ಸ್ಫೋಟದ ಮಾತನ್ನು ತಾವಾಗಿ ಎತ್ತುತ್ತಿರಲಿಲ್ಲ. ಬಲಗಿವಿಯ ಪಕ್ಕದಲ್ಲಿ ಕೂತು ಕೇಳಿದರೆ ಹೇಳುತ್ತಿದ್ದರು. ಹೇಳುವಾಗಲೂ ತಮ್ಮ ಸುತ್ತಾಟಕ್ಕಿಂತ ಬಂಬಿನವರ ಮಾತೇ ಹೆಚ್ಚು. ನಾವು ಸತ್ತವರನ್ನು ಎಣಿಸಿದೆವು, ಅವರು ಸಾಯುವುದು ಗೊತ್ತಿದ್ದೂ ನಿಂತರು ಎನ್ನುತ್ತಿದ್ದರು. ಕೈಪುಸ್ತಕ ಈಗ ನಮ್ಮ ಮನೆಯ ಕಪಾಟಿನಲ್ಲಿದೆ. ಪೆನ್ಸಿಲಿನ ಗೆರೆ ಮಾಸುತ್ತಿರುವುದರಿಂದ ಕಳೆದ ದೀಪಾವಳಿಯ ರಜೆಯಲ್ಲಿ ಮಗಳೂ ನಾನೂ ಕೂತು 42 ಹೆಸರುಗಳನ್ನೂ ಶಾಯಿಯಲ್ಲಿ ಬೇರೆ ಹಾಳೆಗೆ ಇಳಿಸಿದ್ದೇವೆ.

ವಿಕ್ಟೋರಿಯಾ ಡಾಕನ್ನು ನೋಡಬೇಕೆಂದರೆ ಈಗ ನೋಡಲು ನೀರಿಲ್ಲ. ಪಕ್ಕದ ಪ್ರಿನ್ಸೆಸ್ ಡಾಕಿನ ಜೊತೆಗೆ ಅದನ್ನೂ ತುಂಬಿಸಿ ನೆಲ ಮಾಡಿದ್ದಾರೆ. ಕಂಟೇನರಿನ ದೊಡ್ಡ ವ್ಯಾಪಾರವೆಲ್ಲ 1989ರಲ್ಲಿ ಆರಂಭವಾದ ನ್ಹಾವಾ ಶೇವಾ ಬಂದರಿಗೆ, ನಮ್ಮ ನವಿ ಮುಂಬಯಿಯವರ ಕಡೆಗೆ ಹೋಗಿದೆ. ಆದರೆ ಬೈಖಲಾದ ಅಗ್ನಿಶಾಮಕ ದಳದ ಮುಖ್ಯ ಕಚೇರಿಯಲ್ಲಿ ಆ 66 ಮಂದಿಯ ಸ್ಮಾರಕವಿದೆ. ಪ್ರತಿ ಏಪ್ರಿಲ್ 14ರಂದು ಅಲ್ಲಿ ಹೂವಿಡುತ್ತಾರೆ. ನಮ್ಮ ಗಾಡಿಗಳಲ್ಲಿ ನಿಧಾನದವು ಮಾತ್ರವಲ್ಲ, ವೇಗದವು ಕೂಡ ಬೈಖಲಾದಲ್ಲಿ ನಿಲ್ಲುತ್ತವೆ. ಸ್ಟೇಷನ್ನಿನಿಂದ ನಡೆದು ಹೋಗುವಷ್ಟೇ ದೂರ.